ಸಮರ್ಪಕ ಉತ್ತರ

ಬಚ್ಚಲಿನ ಬಾಗಿಲಾಚೆ ಗಂಡ ಬಾಟಲಿಗೆ ನೀರು ತುಂಬಿಸುವ ಸದ್ದು ಕೇಳಿಸುತ್ತಿತ್ತು. ಈಚೆ ಕೂತವಳಿಗೆ ನಾಲ್ಕು ಹನಿಯ ಮೇಲೆ ಐದನೆಯದು ಬರುತ್ತಿರಲಿಲ್ಲ. ಬಂದ ನಾಲ್ಕಕ್ಕೂ ಮೆಣಸಿನಪುಡಿ ಕಲಸಿದಂಥ ಉರಿ. ಹಲ್ಲು ಕಚ್ಚಿಕೊಂಡು ಎದುರಿನ ಟೈಲಿನ ಬಿರುಕನ್ನು ನೋಡುತ್ತ ಕಾದಳು. ಆ ಬಿರುಕು ಇಷ್ಟು ದಿನದಲ್ಲಿ ಅಂಗೈಯ ಗೆರೆಯಷ್ಟು ಪರಿಚಯವಾಗಿಬಿಟ್ಟಿತ್ತು. ಹೊರಗೆ ನೀರು ಎಷ್ಟು ಸಲೀಸಾಗಿ ಬೀಳುತ್ತಿದೆಯೆಂದು ನಲ್ಲಿಯ ಮೇಲೂ ಹೊಟ್ಟೆಕಿಚ್ಚಾಯಿತು. "ಬಾಟ್ಲಿ ತುಂಬಿಸಿಟ್ಟಿದ್ದೀನಿ ಕಣೇ, ಇವತ್ತೂ ಪೂರ್ತಿ ಕುಡೀಬೇಕು," ಎಂದ ಗಂಡ. "ಹೂಂ ಕಣ್ರೀ," ಎಂದಳು. ಸಂಜೆ ಬಾಟಲಿ ಖಾಲಿಯಾಗಿ ಮನೆಗೆ ಬರುವುದನ್ನು ನೋಡಿ ಅವನಿಗೆ ಖುಷಿ. ಎಂಟು ತಿಂಗಳಿಂದ ಆ ನೀರನ್ನೆಲ್ಲ ಕುಡಿದದ್ದು ಕಚೇರಿಯ ಮೆಟ್ಟಿಲ ಬಳಿಯ ಕುಂಡದ ಗಿಡವೆಂದು ಅವನಿಗೇನು ಗೊತ್ತು. ಗಿಡವಂತೂ ಕಿಟಕಿಯ ಎತ್ತರಕ್ಕೆ ಬೆಳೆದು ನಿಂತಿತ್ತು. ಗೊಬ್ಬರವಿಲ್ಲ, ಆರೈಕೆಯಿಲ್ಲ, ಆದರೂ ಇದಕ್ಕೆಂಥ ಮೈ ಬಂದಿದೆ ನೋಡಿ ಎಂದು ಕಚೇರಿಯವರು ಬೆರಗಾಗುತ್ತಿದ್ದರು. ಕುಡಿದರೆ ಹೋಗಬೇಕು, ಹೋಗಬೇಕಾದರೆ ಮೂರು ಮಹಡಿ ಇಳಿಯಬೇಕು, ಇಳಿಯುವ ಮೊದಲು ಕೀಲಿಕೈ ಕೇಳಬೇಕು. ಅದಕ್ಕಿಂತ ಬಾಯಾರಿಕೊಂಡಿರುವುದೇ ವಾಸಿ ಎಂದು ಅವಳು ತೀರ್ಮಾನಿಸಿದ್ದಳು. ಐದನೆಯ ಹನಿ ಬರಲಿಲ್ಲ. ಇವತ್ತು ಹನ್ನೊಂದು ಗಂಟೆಗೆ ವಿಚಾರಣೆಯ ಕಾಗದಕ್ಕೆ ಮೈಕಮ್ಮ ಸಹಿ ಹಾಕುತ್ತಾಳೆ ಎಂಬುದು ನೆನಪಾಗಿ, ಸೀರೆ ಸರಿಮಾಡಿಕೊಂಡು ಎದ್ದಳು.

ಬಸ್ ನಿಲ್ದಾಣದಲ್ಲಿ ಮೈಕಮ್ಮನ ಧ್ವನಿ ಇರಲಿಲ್ಲ. ಇವಳು ಸಾರಿಗೆ ಕಚೇರಿಯಲ್ಲಿ ಸ್ಟೆನೋ ಆಗಿ ಸೇರಿದ ಇಪ್ಪತ್ತೆರಡು ವರ್ಷದಿಂದಲೂ ಬೆಳಗಾಯಿತೆಂದರೆ ಆ ಧ್ವನಿ: ಯಾವ ಬಸ್ಸು, ಯಾವ ಪ್ಲಾಟ್‌ಫಾರಂ, ಎಷ್ಟು ಹೊತ್ತಿಗೆ. ಅವಸರವಿಲ್ಲ, ಒರಟಿಲ್ಲ, ನಿಮ್ಮನ್ನು ಬಿಟ್ಟು ಬಸ್ಸು ಎಲ್ಲೂ ಹೋಗುವುದಿಲ್ಲ ಎಂದು ಭರವಸೆ ಕೊಡುವ ಧ್ವನಿ. ಮುಖ ನೋಡದೆಯೇ ಊರಿನವರೆಲ್ಲ ಮೈಕಮ್ಮ ಎಂದು ಹೆಸರಿಟ್ಟಿದ್ದರು. ಈಗ ಆ ಗಾಜಿನ ಗೂಡಿನಲ್ಲಿ ಯಾರೋ ಬದಲಿ ಮನುಷ್ಯ ಕೂತು, ಬಾಯಲ್ಲಿ ಕಡ್ಲೆ ಇಟ್ಟುಕೊಂಡವನಂತೆ ಅಂಕಿಗಳನ್ನು ನುಂಗುತ್ತಿದ್ದ. ತಿಂಗಳ ಹಿಂದೆ ಒಂದು ಬೆಳಿಗ್ಗೆ ಆರನೇ ಪ್ಲಾಟ್‌ಫಾರಂನ ಬಸ್ಸನ್ನು ಹನ್ನೆರಡನೆಯದಕ್ಕೆ ಬದಲಿಸಿದ್ದರು. ಅದನ್ನು ಹೇಳಬೇಕಿದ್ದ ಮೈಕು ಹನ್ನೊಂದು ನಿಮಿಷ ಮೂಕಾಗಿತ್ತು. ಬಸ್ಸು ಖಾಲಿಯಾಗಿ ಹೊರಟುಹೋಯಿತು, ಜನ ಮ್ಯಾನೇಜರನ ಕೋಣೆಗೆ ನುಗ್ಗಿದರು. ಮಗಳ ಹೆರಿಗೆಗೆ ಹೊರಟಿದ್ದ ಮುದುಕಿಯೊಬ್ಬಳು ಅಲ್ಲೇ ಕೂತು ಅತ್ತಳಂತೆ. ಹಿಂದಿನ ದಿನಗಳನ್ನು ಕೆದಕಿದಾಗ ಮೈಕು ಹೀಗೆ ಸುಮ್ಮನಾದದ್ದು ಅದೇ ಮೊದಲೇನಲ್ಲ ಎಂದು ಗೊತ್ತಾಯಿತು. ಪದೇಪದೇ ಆಸನ ಬಿಟ್ಟು ಹೋಗುವುದು, ಕರ್ತವ್ಯಲೋಪ: ಮೈಕಮ್ಮ ಅಮಾನತಾದಳು, ವಿಚಾರಣೆ ಶುರುವಾಯಿತು. ವಿಚಾರಣೆಯ ಮಾತುಗಳನ್ನು ಬರೆದುಕೊಳ್ಳುವ ಕೆಲಸ ಇವಳ ಪಾಲಿಗೆ ಬಂತು.

ಬಸ್ಸು ಹತ್ತಿ ಕಂಬಿ ಹಿಡಿದು ನಿಂತಳು. ಕೂತರೆ ಕೆಳಗೆ ಉಜ್ಜಿ ಇನ್ನಷ್ಟು ನವೆ. ಸೀಟಿದೆಯಲ್ಲ, ಕೂತ್ಕೊಳ್ಳಿ ಅಮ್ಮ ಎಂದ ಕಂಡಕ್ಟರನಿಗೆ ಇಳಿಯೋದಿದೆ ಎಂದು ಸುಳ್ಳು ಹೇಳಿದಳು; ಇಳಿಯುವುದು ಕೊನೆಯ ನಿಲ್ದಾಣದಲ್ಲಿ. ಹೋದ ಗುರುವಾರ ವಿಚಾರಣೆಯ ಅಧಿಕಾರಿಗಳು ಹನ್ನೊಂದನೆಯ ಪ್ರಶ್ನೆ ಕೇಳಿದಾಗ ಮೈಕಮ್ಮ ತನ್ನ ಕಾಲುಬೆರಳು ನೋಡುತ್ತಿದ್ದಳು. "ಆ ಹನ್ನೊಂದು ನಿಮಿಷ ಎಲ್ಲಿದ್ರಿ?" ಊರಿಗೆಲ್ಲ ಕೇಳುತ್ತಿದ್ದ ಧ್ವನಿ ಮೇಜಿನ ಅಂಚಿನವರೆಗೂ ಬರಲಿಲ್ಲ. "ಒಂದಕ್ಕೆ ಹೋಗಿದ್ದೆ ಸರ್." "ಹನ್ನೊಂದು ನಿಮಿಷಾನಾ?" "ಶುಗರ್ ಇದೆ ಸರ್. ಮುಟ್ಟು ನಿಂತ ಮೇಲೆ ಕೆಳಗೆಲ್ಲ ಒಣಗಿ ಉರಿ… ಬಂದ್ರೆ ತಡ್ಕೊಳ್ಳೋಕಾಗಲ್ಲ, ಹೋದ್ರೆ ಬೇಗ ಆಗಲ್ಲ." ಅಧಿಕಾರಿಗಳಿಗೆ ತಟ್ಟನೆ ಚಾವಣಿಯ ಫ್ಯಾನಿನಲ್ಲಿ ಆಸಕ್ತಿ ಹುಟ್ಟಿತು. ಪೆನ್ನಿನ ಮುಚ್ಚಳ ತೆಗೆದು ಹಾಕಿ, ತೆಗೆದು ಹಾಕಿ, "ಸರಿ ಸರಿ, ಮುಂದಿನದು," ಎಂದರು. ಮರುದಿನ ಟೈಪು ಮಾಡುವಾಗ ಆ ಜಾಗಕ್ಕೆ ಬಂದ ಅವಳ ಕೈ ಒಂದು ಗಳಿಗೆ ನಿಂತು, ಆಮೇಲೆ ತಾನೇ ತಾನಾಗಿ ಓಡಿತ್ತು: 'ಈ ಪ್ರಶ್ನೆಗೆ ಆಪಾದಿತರು ಸಮರ್ಪಕ ಉತ್ತರ ನೀಡಲಿಲ್ಲ.' ಕುಡಿದು ಬಂದ ಚಾಲಕರು, ಹೇಳದೆ ಕೇಳದೆ ರಜೆ ಹಾಕಿದವರು, ಬಾಯಿ ಬಿಡದೆ ಕೂತವರು, ಅವರ ಕಡತಗಳಲ್ಲೆಲ್ಲ ಇದೇ ಸಾಲು. ಎಷ್ಟು ಸಲ ಟೈಪು ಮಾಡಿದ್ದಳೆಂದರೆ ಬೆರಳಿಗೆ ಬಾಯಿಪಾಠವಾಗಿತ್ತು. ತನಗೆ ಸರಿಯಾಗಿ ಕೇಳಿಸಲಿಲ್ಲ, ಅದಕ್ಕೇ ಹಾಗೆ ಬರೆದೆ ಎಂದು ಅವಳು ಶುಕ್ರವಾರ ಹೇಳಿಕೊಂಡಳು, ಶನಿವಾರ ಹೇಳಿಕೊಂಡಳು. ಭಾನುವಾರ ಬಟ್ಟೆ ಒಣಹಾಕುವಾಗಲೂ ಹೇಳಿಕೊಂಡಳು. ಸೋಮವಾರ ಡ್ರಾಯರಿನಿಂದ ಶೀಘ್ರಲಿಪಿಯ ಪುಸ್ತಕ ತೆಗೆದು ನೋಡಿದರೆ ಅಲ್ಲಿ ಎಲ್ಲವೂ ಇತ್ತು. ತೆಳು ಗೆರೆ, ದಪ್ಪ ಗೆರೆ, ಕೊಕ್ಕೆ, ಚುಕ್ಕಿ. ಒಂದಕ್ಕೆ, ಶುಗರ್, ಮುಟ್ಟು, ಉರಿ. ಒಂದಕ್ಷರ ಬಿಡದೆ ಬರೆದುಕೊಂಡಿದ್ದಳು. ಆ ಗೆರೆಗಳನ್ನು ಓದಬಲ್ಲವಳು ಕಚೇರಿಯಲ್ಲಿ ಅವಳೊಬ್ಬಳೇ. ಆದ್ದರಿಂದ ಆ ಸುಳ್ಳು ಹೇಳಿದವಳೂ ಅವಳೊಬ್ಬಳೇ.

ಬಸ್ಸು ಗುಂಡಿಯೊಂದಕ್ಕೆ ಇಳಿದು ಹತ್ತಿತು; ಒಂದು ಹನಿ ತಪ್ಪಿಸಿಕೊಂಡಿತು. ಅವಳು ತೊಡೆ ಬಿಗಿ ಹಿಡಿದಳು. ಎಷ್ಟೋ ವರ್ಷಗಳ ಹಿಂದೆ ಇಂಥದೇ ಬಸ್ಸಿನಲ್ಲಿ ಅಮ್ಮ ಹೀಗೆಯೇ ಇವಳ ತೋಳು ಬಿಗಿಯಾಗಿ ಹಿಡಿದಿದ್ದಳು. "ಸ್ವಲ್ಪ ನಿಲ್ಲಿಸೋಕೆ ಹೇಳೇ." "ಈಗ ತಾನೇ ಹೋಗಿ ಬಂದ್ಯಲ್ಲಮ್ಮ." "ಮತ್ತೆ ಬಂತಲ್ಲ, ಏನ್ ಮಾಡ್ಲಿ." "ಅಷ್ಟೂ ತಡ್ಕೊಳ್ಳಕ್ಕಾಗಲ್ವಾ ನಿಂಗೆ? ಚಿಕ್ಕ ಮಗೂನಾ?" ಇವಳಿಗೆ ಆಗ ಮೂವತ್ತೆರಡು, ಇಸ್ತ್ರಿ ಮಾಡಿದ ಸೀರೆ, ಹೊಸ ಕೆಲಸ, ಮುಂದಿನ ಸೀಟಿನಲ್ಲಿ ಪರಿಚಯದವರು. ಇಳಿಯುವಾಗ ಸೀಟು ಒದ್ದೆಯಾಗಿತ್ತು, ಅಮ್ಮ ತನ್ನ ಚೀಲವನ್ನು ಹಿಂದೆ ಅಡ್ಡ ಹಿಡಿದುಕೊಂಡು ಇಳಿದಳು. ಇವಳು ನಾಲ್ಕು ಹೆಜ್ಜೆ ಮುಂದೆ ನಡೆದಳು, ಇಬ್ಬರೂ ಒಂದೇ ಮನೆಯವರೆಂದು ಯಾರಿಗೂ ಗೊತ್ತಾಗದ ಹಾಗೆ. ಅಮ್ಮನಿಗೂ ಶುಗರ್ ಇತ್ತು. ಆ ನಾಲ್ಕು ಹೆಜ್ಜೆಯನ್ನು ಈಗ ಹಿಂದಕ್ಕೆ ನಡೆಯಲು ಅವಳು ಏನು ಬೇಕಾದರೂ ಕೊಟ್ಟಾಳು. ಆದರೆ ನಡೆದು ಸೇರುವುದಕ್ಕೆ ಅಮ್ಮನೇ ಇಲ್ಲ.

ಕಚೇರಿಯ ಡ್ರಾಯರು ಎಳೆದಾಗ ಪುಸ್ತಕಗಳ ಅಡಿಯಲ್ಲಿ ಡಾಕ್ಟರಮ್ಮ ಬರೆದುಕೊಟ್ಟ ಮುಲಾಮಿನ ಟ್ಯೂಬು ಕಂಡಿತು, ಮೊಹರು ಕೂಡ ಒಡೆಯದ್ದು. ಟ್ಯೂಬು ಇಲ್ಲಿಗೆ ಬಂದು ಐದು ವಾರ. ಡಾಕ್ಟರಮ್ಮ ವಯಸ್ಸಿನಲ್ಲಿ ಇವಳಿಗಿಂತ ಚಿಕ್ಕವಳು. ಮಾತಿನಲ್ಲಿ ಮುಲಾಜೇ ಇಲ್ಲ. "ಎಷ್ಟು ದಿನದಿಂದ ಸುಮ್ನಿದ್ರಿ ಅಕ್ಕ?" ಎಂದಿದ್ದಳು. ಮುಟ್ಟು ನಿಂತ ಮೇಲೆ ಯೋನಿಯ ಒಳಪದರ ತೆಳುವಾಗುತ್ತೆ, ಒಣಗುತ್ತೆ, ಮೂತ್ರದ ದಾರಿಯೂ ಅದರ ಪಕ್ಕದ ಮನೆಯೇ ತಾನೇ. ಅದರ ಮೇಲೆ ರಕ್ತದಲ್ಲಿ ಸಕ್ಕರೆ ಏರಿ ಮೂತ್ರಕ್ಕೂ ಇಳಿದರೆ ಸೋಂಕಿಗೆ ಕರೆದು ಊಟ ಹಾಕಿದ ಹಾಗೆ. ಮೂತ್ರ ಪರೀಕ್ಷೆಗೆ ಕೊಡಿ, ಸೋಂಕಿದ್ದರೆ ಮಾತ್ರೆ ಬರೆದುಕೊಡುತ್ತೇನೆ, ಶುಗರ್ ಹತೋಟಿಗೆ ಬರಬೇಕು, ಸೋಪು ಹಾಕಿ ಉಜ್ಜಬೇಡಿ, ನೀರು ಕುಡಿಯಿರಿ, ಬಂದಾಗ ಹೋಗಿ. ಇದು ಒಳಗೆ ಹಚ್ಚುವ ಮುಲಾಮು, ಎರಡು ವಾರ ದಿನಾ ರಾತ್ರಿ, ಆಮೇಲೆ ವಾರಕ್ಕೆರಡು ಸಲ. "ಗಂಡ ಹೆಂಡತಿ ಕೂಡುವಾಗ ನೋವಿದ್ರೆ ಅದಕ್ಕೂ ಇದೇ. ವಯಸ್ಸಾಯ್ತು ಅಂತ ಅನುಭವಿಸ್ಕೊಂಡು ಕೂರಬೇಕಾಗಿಲ್ಲ." ಇವಳು ಕಿವಿಯವರೆಗೂ ಕೆಂಪಾಗಿದ್ದಳು. ಚೀಟಿ ತೆಗೆದುಕೊಂಡಳು, ಮುಲಾಮು ಕೊಂಡಳು, ಮೂತ್ರ ಮಾತ್ರ ಪರೀಕ್ಷೆಗೆ ಕೊಡಲಿಲ್ಲ. ಆ ಪುಟ್ಟ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಪಕ್ಕದ ಬೀದಿಯವರೊಬ್ಬರಿದ್ದರು. ಮುಲಾಮನ್ನು ಮನೆಗೆ ಒಯ್ದರೆ ಗಂಡ ಏನಿದು ಎಂದಾನು. ಏನಿದು ಎಂದರೆ ಆ ರಾತ್ರಿಯ ಮಾತು ಬರುತ್ತದೆ. ನೋವಿಗೆ ಅವನನ್ನು ಎರಡೂ ಕೈಯಿಂದ ತಳ್ಳಿಬಿಟ್ಟಿದ್ದಳು. ಅವನು ದೀಪ ಹಾಕಿ, ಏನೋ ಒಡೆದವನಂತೆ ಅವಳ ಮುಖ ನೋಡಿದ್ದ. ಏನಿಲ್ಲ, ಇನ್ನು ಇದೆಲ್ಲ ಸಾಕು ಎಂದಿದ್ದಳು. ಮರುದಿನದಿಂದ ಅವನು ಹೊರಕೋಣೆಯಲ್ಲಿ ಹಾಸಿಕೊಂಡ, ಗೊರಕೆ ಹೊಡೀತೀನಲ್ಲ, ನಿಂಗ್ಯಾಕೆ ತೊಂದ್ರೆ ಎಂದು. ಬೆಳಿಗ್ಗೆ ಎದ್ದು ಬಾಟಲಿಗೆ ನೀರು ತುಂಬಿಸಲು ಶುರುಮಾಡಿದ್ದೂ ಅದೇ ಮರುದಿನದಿಂದ. ಪಾಪ, ಅವನಿಗೆ ಗೊತ್ತಿದ್ದ ದಾರಿ ಅದೊಂದೇ.

ಹತ್ತೂ ಮುಕ್ಕಾಲಿಗೆ ಇನ್ನು ತಡೆಯಲು ಆಗಲಿಲ್ಲ. ಕೆಳಗಿನ ಹೆಂಗಸರ ಶೌಚಾಲಯದ ಕೀಲಿಕೈ ಕಡತದ ಕೋಣೆಯ ಗುಮಾಸ್ತನ ಮೇಜಿನ ಪಕ್ಕದ ಮೊಳೆಯ ಮೇಲಿರುತ್ತಿತ್ತು. ಕಳೆದುಹೋಗಬಾರದೆಂದು ಯಾರೋ ಪುಣ್ಯಾತ್ಮ ಅದಕ್ಕೆ ಗೇಣುದ್ದದ ಮರದ ತುಂಡು ಕಟ್ಟಿದ್ದ. ಅದನ್ನು ಹಿಡಿದು ನಡೆದರೆ ಎಲ್ಲಿಗೆ ಹೊರಟಿದ್ದೀರಿ ಎಂದು ಕೇಳುವ ಅಗತ್ಯವೇ ಯಾರಿಗೂ ಬೀಳುತ್ತಿರಲಿಲ್ಲ. "ಮತ್ತೆನಾ ಮೇಡಂ? ಬೆಳಿಗ್ಗೆ ಬಂದಾಗ ಒಂದ್ಸಲ ಆಯ್ತಲ್ಲ," ಎಂದ ಗುಮಾಸ್ತ. ಅವನದು ಕೆಟ್ಟ ಮನಸ್ಸಲ್ಲ, ತಮಾಷೆ ಎಂದುಕೊಂಡಿದ್ದ ಅಷ್ಟೇ. ಅವಳು ನಕ್ಕಂತೆ ಮಾಡಿ, ಮರದ ತುಂಡನ್ನು ಸೆರಗಿನ ಮರೆಗೆ ಸೇರಿಸಿಕೊಂಡು ಮೆಟ್ಟಿಲಿಳಿದಳು. ಕೆಳಗೆ ಬೀಗ ಹಾಕಿದ ಬಾಗಿಲ ಮುಂದೆ ಮೈಕಮ್ಮ ನಿಂತಿದ್ದಳು. ಹೊರಗಿನವಳಾದ್ದರಿಂದ ಕೀಲಿಕೈಯ ವಿಷಯ ಗೊತ್ತಿಲ್ಲ. ಒಂದು ಕಾಲಿನ ಮೇಲೆ ಇನ್ನೊಂದು ಕಾಲನ್ನು ಹೆಣೆದು, ಗೋಡೆಗೆ ಅಂಗೈ ಒತ್ತಿ, ನೆಲ ನೋಡುತ್ತಿದ್ದಳು. ಆ ನಿಲುವು ಸ್ಟೆನೋಗೆ ಗೊತ್ತು. ಕನ್ನಡಿಯಲ್ಲಿ ನೋಡಿರಲಿಲ್ಲ, ಅಷ್ಟೇ.

"ಮೊದ್ಲು ನೀವು ಹೋಗಿ," ಎಂದು ಬೀಗ ತೆಗೆದಳು. ಬೇಡ ಎನ್ನುವ ಸ್ಥಿತಿಯಲ್ಲಿ ಮೈಕಮ್ಮ ಇರಲಿಲ್ಲ. ಬಾಗಿಲಾಚೆ ಬಳೆಗಳ ಸದ್ದು, ಆಮೇಲೆ ಎರಡು ಹನಿ, ಮೌನ, ಮೂಗಿನಲ್ಲಿ ಎಳೆದ ಉಸಿರು, ಒಂದು ಹನಿ, ಮತ್ತೆ ಮೌನ. ಹೊರಗೆ ನಿಂತವಳಿಗೆ ತನ್ನದೇ ದೇಹ ಬಾಗಿಲಾಚೆ ಕೂತ ಹಾಗೆನಿಸಿತು. "ಹೊತ್ತಾಗುತ್ತೆ ಮೇಡಂ, ಬೇಜಾರು ಮಾಡ್ಕೋಬೇಡಿ," ಎಂದಿತು ಒಳಗಿನ ಧ್ವನಿ. "ಆಗ್ಲಿ ಬಿಡಿ. ನಂಗೂ ಆಗುತ್ತೆ." ಅದು ಬಾಯಿಂದ ಹೇಗೆ ಹೊರಟಿತೋ. "ನಿಮ್ಗೂ ಇದ್ಯಾ?" "ಎಂಟು ತಿಂಗಳಾಯ್ತು." "ನಂಗೆ ಎರಡು ವರ್ಷ. ನೀರು ಕುಡಿಯೋದೇ ಬಿಟ್ಟಿದ್ದೆ. ನಾಲಿಗೆ ಒಣಗಿ ಮೈಕಲ್ಲಿ ಅಂಕಿಗಳೇ ಹೊರಳ್ತಿರಲಿಲ್ಲ." ಇಬ್ಬರೂ, ಬಾಗಿಲಿನ ಆಚೆ ಈಚೆ, ಒಮ್ಮೆಗೇ ನಕ್ಕರು. ನಕ್ಕದ್ದರಿಂದ ಇವಳಿಗೆ ಇನ್ನೊಂದು ಹನಿ ಜಾರಿತು. ಡಾಕ್ಟರ ಹತ್ತಿರ ಹೋಗಲಿಲ್ಲವೇ ಎಂದು ಕೇಳಿದಳು. "ಏನಂತ ಹೋಗ್ಲಿ? ಸೊಸೆ ಹತ್ರ ಹೇಳಕ್ಕಾಗಲ್ಲ, ಮಗನ ಹತ್ರ ಬಾಯೇ ಬರಲ್ಲ. ವಯಸ್ಸಾಯ್ತಲ್ಲ, ಹೀಗೇ ಅಂದ್ಕೊಂಡೆ."

ಹೊರಗೆ ಬಂದ ಮೈಕಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಳ್ಳುತ್ತ, ದನಿ ತಗ್ಗಿಸಿ ಹೇಳಿದಳು: "ಕಾಗದದ ನಕಲು ನಿನ್ನೆ ಕೊಟ್ರು ಮೇಡಂ, ಓದ್ದೆ. ಅದನ್ನ ಬರೀದೇ ಬಿಟ್ರಲ್ಲ, ನಿಮ್ಮ ಉಪಕಾರ ಮರೆಯಲ್ಲ. ಕೆಲಸ ಹೋದ್ರೂ ಮಾನ ಉಳೀತು." ಆಕೆಯ ಕಣ್ಣಲ್ಲಿ ನೀರಿತ್ತು. ಸ್ಟೆನೋ ನಿರೀಕ್ಷಿಸಿದ್ದು ಬೈಗುಳ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳು, ತಪ್ಪಾಯ್ತು ಎನ್ನುತ್ತಿದ್ದಳು. ಈ ಕೃತಜ್ಞತೆಯನ್ನು ಎಲ್ಲಿ ಇಟ್ಟುಕೊಳ್ಳುವುದೆಂದು ತಿಳಿಯಲಿಲ್ಲ. ತನ್ನ ನಾಚಿಕೆಯನ್ನು ಮುಚ್ಚಿಕೊಳ್ಳಲು ಈಕೆಯ ಅನ್ನಕ್ಕೆ ಮಣ್ಣು ಹಾಕಿದ್ದೇನೆ, ಈಕೆ ಕೈಮುಗಿಯುತ್ತಿದ್ದಾಳೆ. "ನಾನು ನಿಮ್ಮ ಮಾನ ಉಳಿಸ್ಲಿಲ್ಲ ಕಣಮ್ಮ," ಎಂದಳು, ಮಾತು ತೊದಲುತ್ತ. "ನನ್ನ ಮರ್ಯಾದೆ ನೋಡ್ಕೊಂಡೆ. ಆ ಪದಗಳನ್ನ ಟೈಪು ಮಾಡಿದ್ರೆ ಎಲ್ಲಿ ನನ್ನ ವಿಷಯಾನೇ ಬರೆದ ಹಾಗಾಗುತ್ತೋ ಅಂತ ಹೆದರಿದೆ. ಆ ಸಾಲಿನ ಮೇಲೆ ಸಹಿ ಹಾಕಿದ್ರೆ ನಿಮ್ಮನ್ನ ಮನೆಗೆ ಕಳಿಸ್ತಾರೆ. ಉತ್ತರ ಇರೋರು ನೀವು. ಕೊಟ್ಟಿದ್ದೀರಿ. ನನ್ನ ಪುಸ್ತಕದಲ್ಲಿ ಇದೆ. ಓದು ಅಂದ್ರೆ ಓದ್ತೀನಿ, ಬೇಡ ಅಂದ್ರೆ ಬೇಡ." ಮೈಕಮ್ಮ ಅವಳನ್ನೇ ನೋಡಿದಳು. "ನಿಮ್ಗೆ ಅವಸರ ಇರಬೇಕು, ಹೋಗಿ ಬನ್ನಿ," ಎಂದು ಬಾಗಿಲು ಬಿಟ್ಟುಕೊಟ್ಟು, ಮೆಟ್ಟಿಲು ಹತ್ತಿಹೋದಳು.

ವಿಚಾರಣೆಯ ಕೋಣೆಗೆ ಬಂದು ಕೂತ ಮೇಲೆಯೇ ಕೀಲಿಕೈ ವಾಪಸು ಕೊಡಲಿಲ್ಲವೆಂದು ನೆನಪಾದದ್ದು. ಮರದ ತುಂಡು ಮೇಜಿನ ಮೇಲೆ ಕಡತದ ಪಕ್ಕದಲ್ಲಿ ಸಾಕ್ಷಿಯ ವಸ್ತುವಿನಂತೆ ಬಿದ್ದಿತ್ತು. ಅಧಿಕಾರಿಗಳು ಒಮ್ಮೆ ಅದನ್ನು ನೋಡಿ ಕಣ್ಣು ತೆಗೆದರು. ಪುಟಗಳನ್ನು ಮೈಕಮ್ಮನ ಕಡೆ ತಳ್ಳಿ, "ಓದಿದ್ದೀರಲ್ಲ? ಎಲ್ಲಾ ಪುಟಕ್ಕೂ ಸಹಿ ಹಾಕಿ," ಎಂದರು. ಮೈಕಮ್ಮ ಪೆನ್ನು ಹಿಡಿದಳು. ಮೊದಲ ಪುಟ. ಎರಡನೇ ಪುಟ. ಸ್ಟೆನೋ ಆ ಪೆನ್ನನ್ನೇ ನೋಡುತ್ತಿದ್ದಳು. ಆಕೆ ಬೇಡ ಎಂದಿದ್ದರೆ ಬೇಡವೇ, ಆದರೆ ಆಕೆ ಬೇಡ ಎಂದೂ ಹೇಳಿಲ್ಲವಲ್ಲ. ಮೂರನೇ ಪುಟದ ಮೇಲೆ ಪೆನ್ನು ನಿಂತಿತು. ನಾಲ್ಕು ಹೆಜ್ಜೆ ಹಿಂದೆ ಚೀಲ ಅಡ್ಡ ಹಿಡಿದು ಅಮ್ಮ ನಡೆದು ಬರುತ್ತಿದ್ದಳು.

"ಸರ್, ಮೂರನೇ ಪುಟದಲ್ಲಿ ಒಂದು ತಪ್ಪಿದೆ," ಎಂದಳು ಸ್ಟೆನೋ. "ಯಾರ ತಪ್ಪು?" "ನಂದು. ಇವರು ಉತ್ತರ ಕೊಟ್ಟಿದ್ರು. ನಾನು ಬರೆದುಕೊಂಡಿದ್ದೆ. ಟೈಪು ಮಾಡುವಾಗ ಬೇಕಂತಲೇ ಬಿಟ್ಟೆ." ಅಧಿಕಾರಿಗಳು ಮುಚ್ಚಳ ತೆಗೆದರು, ಹಾಕಿದರು. "ನೋಡಿ ಮೇಡಂ, ಅದೆಲ್ಲ ಹೆಂಗಸರ ವಿಷಯ… ಕಡತ ನಾಲ್ಕು ಜನ ಓದ್ತಾರೆ. ಅವರ ಒಳ್ಳೇದಕ್ಕೇ ಬಿಟ್ಟಿದ್ದೀರಿ ಅಂತ ನಾನೂ ಸುಮ್ನಾದೆ. ಈಗ ಅದನ್ನೆಲ್ಲ ಓದಬೇಕಾ?" ಅವಳು ಪುಸ್ತಕ ತೆರೆದು ಹಿಡಿದು ಮೈಕಮ್ಮನ ಕಡೆ ನೋಡಿದಳು. ಬಲವಂತ ಮಾಡಲಿಲ್ಲ. ಮೈಕಮ್ಮ ಪೆನ್ನು ಕೆಳಗಿಟ್ಟಳು, ಬೆನ್ನು ನೆಟ್ಟಗೆ ಮಾಡಿ ಕೂತಳು. "ಅವರ್ಯಾಕೆ ಓದ್ಬೇಕು ಸರ್," ಎಂದಳು, "ನಾನೇ ಹೇಳ್ತೀನಿ."

ಆಮೇಲೆ ಬಂದದ್ದು ಆ ಧ್ವನಿ. ಇಪ್ಪತ್ತೆರಡು ವರ್ಷದ ಬೆಳಗುಗಳಲ್ಲಿ ಕೇಳಿದ್ದು, ಅವಸರವಿಲ್ಲದ್ದು, ಕೊನೆಯ ಪ್ಲಾಟ್‌ಫಾರಂನ ಕೊನೆಯ ಬೆಂಚಿಗೂ ಮುಟ್ಟುವಂಥದ್ದು. "ಆವತ್ತು ಬೆಳಿಗ್ಗೆ ಏಳು ಇಪ್ಪತ್ತರಿಂದ ಏಳು ಮೂವತ್ತೊಂದರವರೆಗೆ ನಾನು ಹೆಂಗಸರ ಶೌಚಾಲಯಕ್ಕೆ ಹೋಗಿದ್ದೆ. ಅದು ನಿಲ್ದಾಣದ ಆ ತುದಿಯಲ್ಲಿದೆ. ಹೋಗೋಕೆ ಮೂರು ನಿಮಿಷ, ಬರೋಕೆ ಮೂರು ನಿಮಿಷ. ಉಳಿದ ಐದು ನಿಮಿಷ ಉರಿ. ನನಗೆ ಸಕ್ಕರೆ ಕಾಯಿಲೆ ಇದೆ, ಮುಟ್ಟು ನಿಂತಿದೆ, ಮೂತ್ರ ತಡೆಯೋಕೆ ಆಗಲ್ಲ. ನಾನಿಲ್ಲದಾಗ ಮೈಕು ಹಿಡಿಯೋಕೆ ಯಾರನ್ನಾದ್ರೂ ಕೊಡಿ ಅಂತ ಎರಡು ಸಲ ಕೇಳಿದೀನಿ. ಯಾಕೆ ಅಂತ ಕೇಳಿದಾಗ ಹೇಳೋಕೆ ನಾಚಿಕೆ ಆಯ್ತು. ಆ ಬಸ್ಸು ತಪ್ಪಿಸಿಕೊಂಡವರಿಗೆಲ್ಲ ನಾನು ಕ್ಷಮೆ ಕೇಳ್ತೀನಿ." ಬಾಗಿಲಾಚೆ ಕಾರಿಡಾರಿನಲ್ಲಿ ಯಾರೋ ನಡೆಯುತ್ತಿದ್ದವರು ನಿಂತರು. ತಮ್ಮ ಬಸ್ಸಿನ ಹೆಸರು ಬಂದೀತೇನೋ ಎಂದು ಕಾಯುವವರ ಹಾಗೆ, ಅಭ್ಯಾಸಬಲದಿಂದ. ಸ್ಟೆನೋ ಗೆರೆಗಳಲ್ಲಿ ಬರೆಯಲಿಲ್ಲ. ಮೇಜಿನ ಟೈಪು ಯಂತ್ರವನ್ನು ಹತ್ತಿರಕ್ಕೆಳೆದು, ಯಾರು ಬೇಕಾದರೂ ಓದಬಹುದಾದ ಅಕ್ಷರಗಳಲ್ಲಿ ಒಂದೊಂದು ಮಾತನ್ನೂ ಟೈಪು ಮಾಡಿದಳು. ಮುಟ್ಟು ಎಂಬ ಪದ ಟೈಪು ಮಾಡುವಾಗ ಬೆರಳು ತಡವರಿಸಿತು, ಆದರೆ ನಿಲ್ಲಲಿಲ್ಲ.

ಅಧಿಕಾರಿಗಳು ಈ ಸಲ ಫ್ಯಾನನ್ನು ನೋಡದೆ ಆ ಮರದ ತುಂಡನ್ನು ನೋಡುತ್ತಿದ್ದರು. ಕೊನೆಗೆ, "ಡಾಕ್ಟರ ಚೀಟಿ ಇದ್ಯಾ? ಇದ್ರೆ ಕಡತಕ್ಕೆ ಸೇರಿಸ್ಬಹುದು," ಎಂದರು, ಇದ್ದರೆ ಒಳ್ಳೆಯದಿತ್ತು ಎಂಬಂತೆ. "ಇಲ್ಲ ಸರ್," ಎಂದಳು ಮೈಕಮ್ಮ. "ನಾಳೆ ತರ್ತಾರೆ ಸರ್," ಎಂದಳು ಸ್ಟೆನೋ, "ನಾನೇ ಕರ್ಕೊಂಡು ಹೋಗ್ತೀನಿ. ನಂದೂ ಒಂದು ಪರೀಕ್ಷೆ ಬಾಕಿ ಇದೆ." ಮೈಕಮ್ಮ ಮೂರನೇ ಪುಟದ ಹಳೆಯ ಸಾಲಿನ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ಸಹಿ ಹಾಕಿದಳು. "ಮುಂದಿನ ಪುಟಕ್ಕೆ ಹೋಗೋಣವಾ?" ಎಂದರು ಅಧಿಕಾರಿಗಳು.

"ಐದು ನಿಮಿಷ ಕೊಡಿ ಸರ್," ಎಂದಳು ಸ್ಟೆನೋ. "ಯಾಕೆ?" ಇಷ್ಟು ದಿನ ಈ ಯಾಕೆಗೆ ಅವಳ ಹತ್ತಿರ ಒಂದು ಚೀಲದಷ್ಟು ಉತ್ತರಗಳಿದ್ದವು: ಕಾಗದ ಮುಗಿದಿದೆ, ಮನೆಯಿಂದ ಫೋನು ಬಂದಿದೆ, ಮೇಲಿನವರು ಕರೆದಿದ್ದಾರೆ. "ಒಂದಕ್ಕೆ ಹೋಗ್ಬೇಕು," ಎಂದಳು. "ನಂಗೂ ಶುಗರ್ ಇದೆ. ಹತ್ತು ನಿಮಿಷ ಆದ್ರೂ ಆಗ್ಬಹುದು." ಎದ್ದವಳು ಮತ್ತೆ ಕೂತು, ಪ್ರತಿ ವಿರಾಮಕ್ಕೂ ಹಾಕುವ ಸಾಲನ್ನು ಟೈಪು ಮಾಡಿದಳು: '೧೧.೪೦. ಶೀಘ್ರಲಿಪಿಗಾರರು ಮೂತ್ರ ವಿಸರ್ಜನೆಗೆ ತೆರಳಿದ್ದರಿಂದ ಹತ್ತು ನಿಮಿಷ ವಿರಾಮ.' ಆಮೇಲೆ ಚೀಲದಿಂದ ಗಂಡ ತುಂಬಿಸಿಕೊಟ್ಟ ಬಾಟಲಿ ತೆಗೆದು, ಅರ್ಧಕ್ಕೆ ಇಳಿಯುವವರೆಗೂ ಗಟಗಟ ಕುಡಿದು, ಉಳಿದದ್ದನ್ನು ಮೈಕಮ್ಮನ ಕೈಗೆ ಕೊಟ್ಟಳು. ಕೀಲಿಕೈಯ ಮರದ ತುಂಡನ್ನು ಸೆರಗಿನ ಮರೆಗೆ ಸೇರಿಸದೆ ಕೈಯಲ್ಲೇ ಹಿಡಿದು ಕಾರಿಡಾರಿಗೆ ಬಂದಾಗ ಗುಮಾಸ್ತ ಅದನ್ನೇ ಹುಡುಕುತ್ತ ಎದುರಾದ. "ಮತ್ತೆನಾ ಮೇಡಂ?"

"ಹೌದಪ್ಪ, ಮತ್ತೆ," ಎಂದಳು ಅವಳು, ನಿಂತು, ಅವನ ಮುಖ ನೋಡಿಯೇ. ಮೆಟ್ಟಿಲ ಬಳಿಯ ಕುಂಡದ ಮಣ್ಣು ಆ ದಿನ ಒಣಗಿತ್ತು.